ಅಪ್ಪನ ಹೆಸರಿನ ಕೋವಿ, ಮನೆಯಲ್ಲಿ ಉಳಿದ ತೋಟಾ, ಹೊಲಕ್ಕೆ ಬರುವ ಹಂದಿ: ಕಾನೂನು ಏನು ಹೇಳುತ್ತದೆ?

ಕುಂಚಾವರಂ ರೈತ

ಚಿಂಚೋಳಿ ತಾಲ್ಲೂಕಿನ ಕುಂಚಾವರಂ ಕಡೆ ನಮ್ಮ ಹೊಲವಿದೆ. ಅಪ್ಪನ ಹೆಸರಿನಲ್ಲಿ ಒಂಟಿನಳಿಕೆ ಕೋವಿಗೆ ಬೆಳೆ ರಕ್ಷಣೆಯ ಲೈಸೆನ್ಸ್ ಇತ್ತು. ಚುನಾವಣೆಯ ವೇಳೆ ಠಾಣೆಗೆ ಒಪ್ಪಿಸಿದ ಕೋವಿ ಅಲ್ಲೇ ಇದೆ. ಅದನ್ನು ಬಿಡಿಸಿಕೊಳ್ಳುವ ಮೊದಲೇ ಅಪ್ಪ ತೀರಿಕೊಂಡರು. ಮೊನ್ನೆ ಅಟ್ಟ ಸ್ವಚ್ಛ ಮಾಡುವಾಗ ಒಂದು ತಗಡಿನ ಡಬ್ಬಿ ಸಿಕ್ಕಿತು. ಒಳಗೆ ಹತ್ತು ಹನ್ನೆರಡು ತೋಟಾಗಳಿವೆ, ಹೊಡೆದ ತೋಟಾಗಳ ಕೆಲವು ಖಾಲಿ ಕೇಸುಗಳೂ ಇವೆ.

ಕೋವಿಯೇ ಮನೆಯಲ್ಲಿ ಇಲ್ಲದಿರುವಾಗ ಬರೀ ತೋಟಾ ಇಟ್ಟುಕೊಂಡರೆ ಅಪರಾಧವಾಗುತ್ತದೆಯೇ? ಲೈಸೆನ್ಸ್ ನನ್ನ ಹೆಸರಿಗೆ ಬರುತ್ತದೆಯೇ? ಬಂದರೆ ಹೊಲಕ್ಕೆ ನುಗ್ಗುವ ಹಂದಿಗೆ ಗುಂಡು ಹೊಡೆಯಬಹುದೇ? ಊರಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ತಿಳಿದವರು ದಯವಿಟ್ಟು ಬರೆಯಿರಿ.

ಆಳಂದದ ಒಕ್ಕಲಿಗ

ಲೈಸೆನ್ಸಿನ ಮೇಲೆ ಬೆಳೆ ರಕ್ಷಣೆ ಎಂದು ಸರ್ಕಾರವೇ ಬರೆದು ಕೊಟ್ಟಿರುತ್ತದೆ. ಬೆಳೆ ತಿನ್ನುವ ಹಂದಿಯನ್ನು ಹೊಡೆಯಲು ಇನ್ನೊಂದು ಅಪ್ಪಣೆ ಏಕೆ ಬೇಕು? ನಮ್ಮ ಕಡೆ ಹಿರಿಯರೆಲ್ಲ ಹೀಗೆಯೇ ತಿಳಿದಿದ್ದಾರೆ. ತೋಟಾ ನಿಮ್ಮ ಅಪ್ಪ ಹಣ ಕೊಟ್ಟು ರಸೀದಿ ಪಡೆದು ತಂದದ್ದು. ಕದ್ದ ಮಾಲಲ್ಲ. ಹೆದರಬೇಡಿ.

ಕಲಬುರಗಿ ವಕೀಲ

ಆಳಂದದ ಗೆಳೆಯರು ಬರೆದದ್ದನ್ನು ನಂಬಿ ಯಾರೂ ಹೆಜ್ಜೆ ಇಡಬಾರದು. ಇದೇ ನಂಬಿಕೆಯಿಂದ ಪ್ರಾಮಾಣಿಕ ರೈತರು ಕಟಕಟೆಯಲ್ಲಿ ನಿಲ್ಲುವುದನ್ನು ನೋಡಿ ನನಗೆ ಸಂಕಟವಾಗಿದೆ. ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಇಲ್ಲಿ ಎರಡು ಬೇರೆ ಬೇರೆ ಕಾನೂನುಗಳಿವೆ. 1959ರ ಶಸ್ತ್ರಾಸ್ತ್ರ ಕಾಯ್ದೆ ಕೋವಿ ಮತ್ತು ಮದ್ದುಗುಂಡು ಯಾರ ಬಳಿ ಇರಬಹುದು ಎಂಬುದನ್ನು ನಿರ್ಧರಿಸುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಾಣಿಯನ್ನು ಯಾರು, ಯಾವಾಗ, ಯಾರ ಲಿಖಿತ ಅಪ್ಪಣೆಯಿಂದ ಹೊಡೆಯಬಹುದು ಎಂಬುದನ್ನು ನಿರ್ಧರಿಸುತ್ತದೆ. ಮೊದಲನೆಯದರಲ್ಲಿ ಪಡೆದ ಲೈಸೆನ್ಸ್ ಎರಡನೆಯದರಲ್ಲಿ ಅಪ್ಪಣೆಯಾಗುವುದಿಲ್ಲ. ಬೆಳೆ ರಕ್ಷಣೆ ಎಂಬ ಮಾತು ಶಸ್ತ್ರಾಸ್ತ್ರ ಕಾಯ್ದೆಯ ಸೆಕ್ಷನ್ 13ರಲ್ಲಿ ಇರುವುದು ನಿಜ. ನಿಜವಾದ ಬೆಳೆ ರಕ್ಷಣೆಗೆ ನಳಿಕೆಯ ಬಾಯಿಯಿಂದ ಮದ್ದು ತುಂಬುವ ಕೋವಿಗೆ ಲೈಸೆನ್ಸ್ ಕೊಡಬೇಕು, ಅದು ಸಾಲದು ಎಂದು ಮನವರಿಕೆಯಾದರೆ ಬೇರೆ ನಯನಳಿಕೆಯ (ಒಳಗೆ ಸುರುಳಿ ಗೀರುಗಳಿಲ್ಲದ) ಕೋವಿಗೂ ಕೊಡಬಹುದು ಎಂದು ಅಲ್ಲಿದೆ. ಆದರೆ ಅದು ಕೋವಿ ಕೊಡುವುದಕ್ಕೆ ಕಾರಣ ಮಾತ್ರ. ಸದ್ದು ಮಾಡಿ ಓಡಿಸುವುದು ಒಂದು, ಗುರಿಯಿಟ್ಟು ಕೊಲ್ಲುವುದು ಇನ್ನೊಂದು.

ಕಾಡುಹಂದಿ ಮೊದಲು ವನ್ಯಜೀವಿ ಕಾಯ್ದೆಯ ಮೂರನೆಯ ಅನುಸೂಚಿಯಲ್ಲಿ, ಅಂದರೆ ಸಂರಕ್ಷಿತ ಪ್ರಾಣಿಗಳ ಮೂರನೆಯ ಪಟ್ಟಿಯಲ್ಲಿ, ಇತ್ತು. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ಎರಡನೆಯ ಅನುಸೂಚಿಯಲ್ಲಿದೆ. ಬೇಟೆಯನ್ನು ನಿಷೇಧಿಸುವ ಸೆಕ್ಷನ್ 9 ಅದಕ್ಕೂ ಅನ್ವಯಿಸುತ್ತದೆ. ಬೇಟೆ ಎಂದರೆ ಕೊಲ್ಲುವುದಷ್ಟೇ ಅಲ್ಲ. ಉರುಲು ಹಾಕುವುದು, ವಿಷವಿಡುವುದು, ಅಟ್ಟಿಸಿಕೊಂಡು ಹೋಗುವುದು, ಇವುಗಳಿಗೆ ಪ್ರಯತ್ನಿಸುವುದು ಎಲ್ಲವೂ ಅದರಲ್ಲಿ ಸೇರಿದೆ. ಗುಂಡು ತಪ್ಪಿತು, ಹಂದಿ ಓಡಿಹೋಯಿತು ಎಂದರೆ ಪ್ರಕರಣ ಮುಗಿಯುವುದಿಲ್ಲ.

ಅಪ್ಪಣೆಯ ದಾರಿ ಸೆಕ್ಷನ್ 11ರಲ್ಲಿದೆ. ಎರಡನೆಯ ಅನುಸೂಚಿಯ ಪ್ರಾಣಿ ನಿಂತ ಬೆಳೆಗೆ ಅಪಾಯವಾಗಿದ್ದರೆ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ ಕಾರಣ ಬರೆದು ಲಿಖಿತ ಆದೇಶ ಕೊಡಬಹುದು. ಆದೇಶದಲ್ಲಿ ಪ್ರದೇಶ ಇರುತ್ತದೆ, ಪ್ರಾಣಿ ಇರುತ್ತದೆ. ಅದು ಕೈಯಲ್ಲಿಲ್ಲದೆ ಹೊಡೆದರೆ ಮೂರು ವರ್ಷದವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಅಪರಾಧ ಅಭಯಾರಣ್ಯದ ಒಳಗೆ ನಡೆದಿದ್ದರೆ ಮೂರು ವರ್ಷ ಕನಿಷ್ಠ ಶಿಕ್ಷೆ, ಏಳು ವರ್ಷದವರೆಗೂ ಹೋಗುತ್ತದೆ.

ತೋಟಾದ ವಿಷಯ ಇದಕ್ಕಿಂತ ತುರ್ತಿನದು. ಲೈಸೆನ್ಸ್ ಬೇಕೆನ್ನುವ ಶಸ್ತ್ರಾಸ್ತ್ರ ಕಾಯ್ದೆಯ ಸೆಕ್ಷನ್ 3 ಬಂದೂಕು ಅಥವಾ ಮದ್ದುಗುಂಡು ಎನ್ನುತ್ತದೆ. ಎರಡೂ ಒಟ್ಟಿಗೆ ಇರಬೇಕಾಗಿಲ್ಲ. ಕೋವಿ ಇಲ್ಲದ ಮನೆಯಲ್ಲಿ ಲೈಸೆನ್ಸ್ ಇಲ್ಲದ ಒಂದು ಜೀವಂತ ತೋಟಾ ಸಿಕ್ಕರೂ ಸೆಕ್ಷನ್ 25ರ ಪ್ರಕರಣಕ್ಕೆ ಸಾಕು. 2019ರ ತಿದ್ದುಪಡಿಯ ನಂತರ ಅದಕ್ಕೆ ಕನಿಷ್ಠ ಎರಡು ವರ್ಷ, ಗರಿಷ್ಠ ಐದು ವರ್ಷ. ಲೈಸೆನ್ಸ್ ನಿಮ್ಮ ತಂದೆಯವರಿಗೆ ಕೊಟ್ಟದ್ದು. ಅವರೊಂದಿಗೇ ಅದು ಮುಗಿಯಿತು. ಹಣ ಕೊಟ್ಟು ತಂದದ್ದು ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ.

ಕುಂಚಾವರಂ ರೈತ

ಓದಿ ಕೈಕಾಲು ತಣ್ಣಗಾದವು. ಡಬ್ಬಿ ಸಿಕ್ಕಿದ್ದು ಮೊನ್ನೆ. ಅದಕ್ಕೂ ಮೊದಲು ಅದು ಅಲ್ಲಿತ್ತೆಂದು ನನಗೆ ಗೊತ್ತೇ ಇರಲಿಲ್ಲ. ಹಾಗಿದ್ದರೂ ಇಷ್ಟು ದಿನ ನಾನು ಅಪರಾಧಿಯಾಗಿದ್ದೆನೇ?

ಕಲಬುರಗಿ ವಕೀಲ

ಇಲ್ಲ. ಧೈರ್ಯವಾಗಿರಿ. ನಮ್ಮ ಕೈಯಲ್ಲಿರುವ ವಸ್ತುವಿನ ಬಗ್ಗೆ ನಮಗೆ ಅರಿವಿರಬೇಕು ಎಂಬುದನ್ನು ಸುಪ್ರೀಂ ಕೋರ್ಟ್ 1972ರ ಗುಣವಂತಲಾಲ್ ಪ್ರಕರಣದಲ್ಲಿಯೇ ಹೇಳಿದೆ. ಅದೇ ತೀರ್ಪಿನ ಇನ್ನೊಂದು ಮುಖವನ್ನು ಜನ ಮರೆಯುತ್ತಾರೆ. ವಸ್ತು ದೇಹದ ಮೇಲೆ ಇರಬೇಕಾಗಿಲ್ಲ. ಅದು ಬೇರೆ ಕಡೆ ಇದ್ದರೂ ಅದರ ಮೇಲೆ ನಮಗೆ ಹಿಡಿತವಿದ್ದರೆ ಸಾಕು. 1994ರ ಸಂಜಯ್ ದತ್ ಪ್ರಕರಣದಲ್ಲಿಯೂ ಸಂವಿಧಾನ ಪೀಠ ಅರಿವಿನ ಅಂಶವನ್ನು ಒತ್ತಿ ಹೇಳಿತು.

ನಿಮ್ಮ ವಿಷಯದಲ್ಲಿ ಡಬ್ಬಿ ತೆರೆಯುವವರೆಗೆ ಅರಿವಿರಲಿಲ್ಲ. ತೆರೆದ ಕ್ಷಣದಿಂದ ಅರಿವಿದೆ, ಹಿಡಿತವೂ ಇದೆ. ಆದ್ದರಿಂದ ಈಗಿನಿಂದ ನೀವು ಏನು ಮಾಡುತ್ತೀರಿ ಎಂಬುದೇ ಮುಖ್ಯ. ಶಸ್ತ್ರಾಸ್ತ್ರ ಕಾಯ್ದೆಯ ಸೆಕ್ಷನ್ 21 ನಿಮ್ಮಂಥವರಿಗಾಗಿಯೇ ಇದೆ. ಯಾವುದೇ ಕಾರಣದಿಂದ ಮದ್ದುಗುಂಡು ಇಟ್ಟುಕೊಳ್ಳುವುದು ಕಾನೂನುಬದ್ಧವಲ್ಲದಂತಾದರೆ ಅನಗತ್ಯ ವಿಳಂಬವಿಲ್ಲದೆ ಹತ್ತಿರದ ಠಾಣಾಧಿಕಾರಿಗೆ ಅಥವಾ ಲೈಸೆನ್ಸ್ ಇರುವ ಶಸ್ತ್ರ ವ್ಯಾಪಾರಿಗೆ ಒಪ್ಪಿಸಬೇಕು. ಹೊಲದಲ್ಲಿ ಹೂಳಬೇಡಿ, ಹಳ್ಳಕ್ಕೆ ಎಸೆಯಬೇಡಿ, ಪರಿಚಯದ ಲೈಸೆನ್ಸುದಾರರಿಗೆ ಕೊಡಬೇಡಿ. ಒಂದೊಂದೂ ಹೊಸ ತೊಡಕು ತರುತ್ತದೆ.

ಔರಾದ್ ಸೀಮೆ

ನಾನು ಬೀದರ್ ಜಿಲ್ಲೆಯವನು. ಹಂದಿಯ ಮಾತು ಬಂದಿದೆ. ನಮ್ಮ ಗೋಳು ಕೃಷ್ಣಮೃಗದ್ದು. ಮೃಗಶಿರ ಮಳೆಗೆ ಬಿತ್ತಿದ ಹೆಸರು, ಉದ್ದು, ಸೋಯಾ ಎರಡೆಲೆ ಬಿಡುವ ಹೊತ್ತಿಗೆ ಹಿಂಡು ಇಳಿಯುತ್ತದೆ. ಬೆಳಗಾಗುವಷ್ಟರಲ್ಲಿ ಸಾಲುಗಳೇ ಇರುವುದಿಲ್ಲ. ಮತ್ತೆ ಬಿತ್ತಬೇಕು, ಮತ್ತೆ ಬೀಜಕ್ಕೆ ಸಾಲ ಮಾಡಬೇಕು. ಹಿಂಗಾರಿನಲ್ಲಿ ಕಡಲೆಗೂ ಇದೇ ಗತಿ. ಹಂದಿಗಾದರೂ ಲಿಖಿತ ಆದೇಶದ ದಾರಿ ಇದೆ ಎಂದಿರಿ. ಚಿಗರಿಗೆ?

ಕಲಬುರಗಿ ವಕೀಲ

ಚಿಗರಿಗೆ ಆ ದಾರಿ ಇಲ್ಲ. ಕೃಷ್ಣಮೃಗ ಮೊದಲನೆಯ ಅನುಸೂಚಿಯಲ್ಲಿದೆ. ಆ ಅನುಸೂಚಿಯ ಪ್ರಾಣಿ ಮನುಷ್ಯನ ಜೀವಕ್ಕೆ ಅಪಾಯವಾಗಿದ್ದರೆ ಅಥವಾ ಚೇತರಿಸಿಕೊಳ್ಳಲಾಗದಷ್ಟು ಗಾಯ, ರೋಗಗಳಿಂದ ನರಳುತ್ತಿದ್ದರೆ ಮಾತ್ರ ಬೇಟೆಯ ಆದೇಶ ಹೊರಡಬಹುದು. ಬೆಳೆ ಹಾನಿ ಅದಕ್ಕೆ ಕಾರಣವಾಗುವುದಿಲ್ಲ. ಕೊಂದರೆ ಮೂರರಿಂದ ಏಳು ವರ್ಷ, ಜೊತೆಗೆ 25 ಸಾವಿರ ರೂಪಾಯಿಗೆ ಕಡಿಮೆಯಿಲ್ಲದ ದಂಡ. ಬಳಸಿದ ಕೋವಿಯೂ ವಾಹನವೂ ಜಪ್ತಿಯಾಗುತ್ತವೆ. ಆ ಕೋವಿಯ ಲೈಸೆನ್ಸ್ ರದ್ದುಪಡಿಸಿ ಐದು ವರ್ಷ ಹೊಸ ಲೈಸೆನ್ಸ್‌ಗೆ ಅನರ್ಹ ಎಂದು ನ್ಯಾಯಾಲಯ ಆದೇಶಿಸಬಹುದು. ಉಳಿಯುವುದು ಪರಿಹಾರದ ಅರ್ಜಿ, ಬೇಲಿ, ಕಾವಲು.

ಔರಾದ್ ಸೀಮೆ

ಚಿಗರಿಯನ್ನು ಕೊಲ್ಲಬೇಕೆಂದು ನಾನು ಕೇಳುತ್ತಿಲ್ಲ. ಕಲ್ಲುಭೂಮಿಯ ಮೇಲೆ ಅದು ಜಿಗಿಯುವುದನ್ನು ನೋಡುತ್ತಲೇ ಬೆಳೆದವನು ನಾನು. ಎರಡನೆಯ ಬಿತ್ತನೆಯ ಖರ್ಚನ್ನು ನಾನೊಬ್ಬನೇ ಹೊರಬೇಕೇ ಎಂಬುದು ನನ್ನ ಪ್ರಶ್ನೆ. ಇಡೀ ನಾಡಿಗೆ ಬೇಕಾದ ಪ್ರಾಣಿಯಾದರೆ ಅದರ ಮೇವಿನ ಭಾರವನ್ನೂ ನಾಡು ಹಂಚಿಕೊಳ್ಳಲಿ.

ನಿವೃತ್ತ ವನಪಾಲಕ

ಔರಾದಿನವರ ಮಾತು ನ್ಯಾಯವಾದದ್ದು. ಸೇವೆಯಲ್ಲಿದ್ದಾಗ ಇಂಥ ಹೊಲಗಳ ಬದುವಿನ ಮೇಲೆ ನಿಂತು ಉತ್ತರ ಕೊಡಲಾಗದೆ ಹಿಂದಿರುಗಿದ್ದೇನೆ. ಪರಿಹಾರಕ್ಕೆ ಅರ್ಜಿ ಹಾಕುವವರಿಗೆ ಒಂದು ಮಾತು. ಹಾನಿಯಾದ ದಿನವೇ ವಲಯ ಅರಣ್ಯ ಕಚೇರಿಗೆ ತಿಳಿಸಿ. ಹೆಜ್ಜೆಗುರುತು ಅಳಿಯುವ ಮೊದಲು ಫೋಟೊ ತೆಗೆಯಿರಿ. ಪಹಣಿಯಲ್ಲಿ ಆ ಹಂಗಾಮಿನ ಬೆಳೆಯೇ ನಮೂದಾಗಿದೆಯೇ ನೋಡಿಕೊಳ್ಳಿ. ಹೊಲದಲ್ಲಿ ಸೋಯಾ ಇದ್ದು ಕಾಗದದಲ್ಲಿ ತೊಗರಿ ಇದ್ದರೆ ಅರ್ಜಿ ಅಲ್ಲಿಗೇ ನಿಲ್ಲುತ್ತದೆ.

ಕುಂಚಾವರಂ ರೈತರು ತಿಳಿಯಲೇಬೇಕಾದ ಇನ್ನೊಂದು ಸಂಗತಿ ಇದೆ. ಚಿಂಚೋಳಿಯ ಕಾಡು 2011ರಲ್ಲಿ ವನ್ಯಜೀವಿ ಅಭಯಾರಣ್ಯವಾಯಿತು. ಸುಮಾರು 134 ಚದರ ಕಿಲೋಮೀಟರ್ ವಿಸ್ತಾರದ್ದು. ಚಂದ್ರಂಪಳ್ಳಿ, ಗೊಟ್ಟಂಗೊಟ್ಟ, ಕುಂಚಾವರಂ ಭಾಗದ ಹಳ್ಳಿಗಳು ಅದಕ್ಕೆ ಅಂಟಿಕೊಂಡಿವೆ. ವನ್ಯಜೀವಿ ಕಾಯ್ದೆಯ ಸೆಕ್ಷನ್ 34ರ ಪ್ರಕಾರ ಅಭಯಾರಣ್ಯದೊಳಗೆ ಅಥವಾ ಅದರಿಂದ ಹತ್ತು ಕಿಲೋಮೀಟರ್ ಒಳಗೆ ವಾಸಿಸುವ ಲೈಸೆನ್ಸುದಾರರು ತಮ್ಮ ಹೆಸರು ಮತ್ತು ಶಸ್ತ್ರವನ್ನು ಅರಣ್ಯ ಇಲಾಖೆಯಲ್ಲಿ ನೋಂದಾಯಿಸಬೇಕು. ಆ ವ್ಯಾಪ್ತಿಯಲ್ಲಿ ಹೊಸ ಲೈಸೆನ್ಸ್ ಕೊಡಲು ಮುಖ್ಯ ವನ್ಯಜೀವಿ ಪರಿಪಾಲಕರ ಮುಂಚಿತ ಸಹಮತಿ ಬೇಕು. ವಾರಸುದಾರನ ಹೆಸರಿಗೆ ಕೊಡುವುದೂ ಹೊಸ ಲೈಸೆನ್ಸೇ ಎಂದು ಕಚೇರಿ ಭಾವಿಸಿದರೆ ಕಡತ ಬೆಂಗಳೂರಿಗೆ ಹೋಗುತ್ತದೆ. ಆದ್ದರಿಂದ ತಂದೆಯವರ ನೋಂದಣಿ ಕಾಗದ ಇದ್ದರೆ ಹುಡುಕಿ ತೆಗೆಯಿರಿ.

ಅಭಯಾರಣ್ಯದ ಗಡಿ ದಾಟುವಾಗ ಹೆಗಲ ಮೇಲೆ ಕೋವಿ ಇದ್ದರೆ ಅದೇ ಬೇರೆ ಅಪರಾಧ. ಸೆಕ್ಷನ್ 31 ಅನುಮತಿ ಇಲ್ಲದೆ ಶಸ್ತ್ರದೊಂದಿಗೆ ಪ್ರವೇಶಿಸುವುದನ್ನೇ ನಿಷೇಧಿಸುತ್ತದೆ. ಬೇಟೆಗಾಗಿ ಅಲ್ಲ, ಕಾಲುದಾರಿ ಹತ್ತಿರವೆಂದು ಹೋದೆ ಎಂದರೂ ಅದು ಸಮಜಾಯಿಷಿಯಾಗದು.

ಸುರಪುರ ಸಂಸ್ಥಾನ

ಯಾದಗಿರಿ ಜಿಲ್ಲೆಯ ನಮ್ಮ ಸುರಪುರ ನಾಯಕರ ನಾಡು. ಕೋವಿ, ಕತ್ತಿ ನಮಗೆ ಮನೆತನದ ಮರ್ಯಾದೆಯ ವಸ್ತುಗಳು. 1857ರಲ್ಲಿ ಆಯುಧ ಒಪ್ಪಿಸಬೇಕೆಂಬ ಬ್ರಿಟಿಷರ ಕಾಯ್ದೆಯ ವಿರುದ್ಧ ಹಲಗಲಿಯ ಬೇಡರು ಪ್ರಾಣವನ್ನೇ ಕೊಟ್ಟರು. ನಮ್ಮ ವೆಂಕಟಪ್ಪ ನಾಯಕರು ಎದ್ದದ್ದೂ ಅದೇ ಕಾಲ. ಇಂದು ಕೊಡಗಿನವರಿಗೆ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿ ಇದೆ. ನಮಗೆ ಏಕಿಲ್ಲ? ಹಬ್ಬಕ್ಕೆ ಒಂದು ಮೊಲ ಹಿಡಿದರೂ ನಮ್ಮ ಹುಡುಗರ ಮೇಲೆ ಪ್ರಕರಣ ಹಾಕುತ್ತಾರೆ.

ಕಲಬುರಗಿ ವಕೀಲ

ನಿಮ್ಮ ನಾಡಿನ ಇತಿಹಾಸಕ್ಕೆ ನನ್ನ ತಲೆ ಬಾಗುತ್ತದೆ. ಕೊಡಗಿನ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದದ್ದು. ಕೊಡವ ಜನಾಂಗದವರಿಗೆ ಮತ್ತು ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ ಅದು ಅನ್ವಯ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಸುರಪುರಕ್ಕೆ ಅಂಥ ಅಧಿಸೂಚನೆ ಇಲ್ಲ. ಬೇಡಿಕೆಯನ್ನು ಸರ್ಕಾರದ ಮುಂದಿಡುವ ಹಕ್ಕು ನಿಮಗಿದೆ.

ಆದರೆ ಒಂದನ್ನು ಗಮನಿಸಿ. ಆ ವಿನಾಯಿತಿ ಇರುವುದು ಲೈಸೆನ್ಸಿನಿಂದ ಮಾತ್ರ. ಕೊಡಗಿನವರೂ ಕಾಡುಹಂದಿಯನ್ನು ಅಪ್ಪಣೆಯಿಲ್ಲದೆ ಹೊಡೆಯುವಂತಿಲ್ಲ. ಮೊಲಕ್ಕೂ ರಕ್ಷಣೆ ಇದೆ. ಕೋವಿ ಬೇಕಿಲ್ಲ, ಬಲೆ ಮತ್ತು ನಾಯಿ ಸಾಕು, ಅದು ಬೇಟೆಯೇ.

ಕುಂಚಾವರಂ ರೈತ

ನಮ್ಮ ಊರಿನಿಂದ ತೆಲಂಗಾಣ ಕೂಗಳತೆ ದೂರ. ಬೇರೆ ರಾಜ್ಯಗಳಲ್ಲಿ ಹಂದಿ ಹೊಡೆಯಲು ಪಂಚಾಯಿತಿಯೇ ಅಪ್ಪಣೆ ಕೊಡುತ್ತದೆ ಎಂದು ಕೇಳಿದ್ದೇನೆ. ನಿಜವೇ?

ನಿವೃತ್ತ ವನಪಾಲಕ

ಕೇರಳ 2022ರಲ್ಲಿ ಸೆಕ್ಷನ್ 11ರ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೆ ವಹಿಸಿತು. ಅದಲ್ಲದೆ ಸೆಕ್ಷನ್ 62ರ ಅಡಿ ಕೇಂದ್ರ ಸರ್ಕಾರ ಒಂದು ಪ್ರಾಣಿಯನ್ನು ಇಂಥ ಪ್ರದೇಶದಲ್ಲಿ ಇಷ್ಟು ಅವಧಿಗೆ ಪೀಡಕ, ಅಂದರೆ ಕೊಲ್ಲಲು ಅಡ್ಡಿಯಿಲ್ಲದ ಪ್ರಾಣಿ, ಎಂದು ಘೋಷಿಸಬಹುದು. ಬಿಹಾರದಲ್ಲಿ ನೀಲಗಾಯಿ ಮತ್ತು ಕಾಡುಹಂದಿ, ಉತ್ತರಾಖಂಡದಲ್ಲಿ ಕಾಡುಹಂದಿ, ಹಿಮಾಚಲದಲ್ಲಿ ಕೋತಿ ಹೀಗೆ ಘೋಷಣೆಯಾಗಿದ್ದವು. ಅಂಥ ಆದೇಶ ಆ ಪ್ರದೇಶದ ಗೆರೆ ದಾಟಿ ಇತ್ತ ಬರುವುದಿಲ್ಲ. ಹಂದಿ ಗಡಿ ನೋಡದೆ ಓಡಾಡುತ್ತದೆ, ಆದೇಶ ಓಡಾಡುವುದಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಪಕ್ಕದ ರಾಜ್ಯದ ಸುತ್ತೋಲೆ ತೋರಿಸಿ ಇಲ್ಲಿ ಬಿಡುಗಡೆ ಕೇಳಲಾಗದು.

ಸೇಡಂ ಪದವೀಧರ

ವಕೀಲರಿಗೆ ನನ್ನದೊಂದು ತಕರಾರು. ವಿಮಾನ ನಿಲ್ದಾಣಗಳಲ್ಲಿ ಚೀಲದಲ್ಲಿ ಒಂದೇ ಒಂದು ತೋಟಾ ಸಿಕ್ಕ ಪ್ರಕರಣಗಳನ್ನು ಹೈಕೋರ್ಟುಗಳು ರದ್ದು ಮಾಡಿರುವ ಸುದ್ದಿ ಆಗಾಗ ಓದುತ್ತೇನೆ. ಶಸ್ತ್ರಾಸ್ತ್ರ ಕಾಯ್ದೆಯ ಸೆಕ್ಷನ್ 45ರಲ್ಲಿ ಮದ್ದುಗುಂಡಿನ ಸಣ್ಣ ಭಾಗಗಳಿಗೆ ವಿನಾಯಿತಿಯೂ ಇದೆ. ಹಾಗಿದ್ದರೆ ಒಂದು ತೋಟಾ ಅಪರಾಧಕ್ಕೆ ಸಾಕು ಎಂದು ಹೇಗೆ ಬರೆದಿರಿ?

ಕಲಬುರಗಿ ವಕೀಲ

ಒಳ್ಳೆಯ ತಕರಾರು. ಎರಡು ಎಳೆಗಳನ್ನು ಬೇರ್ಪಡಿಸಿ ನೋಡೋಣ.

ವಿಮಾನ ನಿಲ್ದಾಣದ ಪ್ರಕರಣಗಳು ಬಹುತೇಕ ರದ್ದಾಗಿರುವುದು ಅರಿವಿಲ್ಲ ಎಂಬ ಕಾರಣಕ್ಕೆ. ಚೀಲ ಅಣ್ಣನದು ಅಥವಾ ಹಳೆಯದು, ಮೂಲೆಯಲ್ಲಿ ತೋಟಾ ಉಳಿದಿತ್ತು, ಕೋವಿ ಇಲ್ಲ, ಯಾರಿಗೂ ಬೆದರಿಕೆ ಇಲ್ಲ. ತೋಟಾದ ಸಂಖ್ಯೆ ಒಂದು ಎಂಬುದು ಅರಿವಿರಲಿಲ್ಲ ಎನ್ನುವುದಕ್ಕೆ ಪೂರಕ ಸಾಕ್ಷ್ಯವಾಯಿತೇ ಹೊರತು ಅದೇ ಕಾರಣವಲ್ಲ. ನಮ್ಮ ಕಲಬುರಗಿ, ಬೀದರ್ ವಿಮಾನ ನಿಲ್ದಾಣಗಳಲ್ಲಿ ಹಾಗೆ ಸಿಕ್ಕರೂ ಮೊದಲು ಎಫ್‌ಐಆರ್ ಆಗುತ್ತದೆ. ರದ್ದು ಮಾಡಿಸಿಕೊಳ್ಳಲು ಹೈಕೋರ್ಟ್ ಪೀಠದ ಮೆಟ್ಟಿಲು ಹತ್ತಬೇಕು.

ಇನ್ನು ಸೆಕ್ಷನ್ 45. ಪೂರಕ ಭಾಗಗಳೊಂದಿಗೆ ಬಳಸುವ ಉದ್ದೇಶವಿಲ್ಲದ ಸಣ್ಣ ಭಾಗಗಳಿಗೆ ಮಾತ್ರ ಅಲ್ಲಿ ವಿನಾಯಿತಿ. ಒಂಟಿ ತೋಟಾವನ್ನೇ ಹಾಗೆ ಸಣ್ಣ ಭಾಗ ಎಂದು ಪರಿಗಣಿಸಿದ ತೀರ್ಪು ದೆಹಲಿ ಹೈಕೋರ್ಟಿನಿಂದ ಬಂದಿದೆ. ನನ್ನ ಅಭಿಪ್ರಾಯದಲ್ಲಿ ಅದು ದುರ್ಬಲ ಆಸರೆ. ಕೇಪು, ಮದ್ದು, ಛರೆ ಎಲ್ಲ ಕೂಡಿದ ತೋಟಾ ಪೂರ್ಣ ವಸ್ತು. ಖಾಲಿ ಕೇಸಿಗೆ ಈ ವಾದ ಚೆನ್ನಾಗಿ ಹೊಂದುತ್ತದೆ. ಏಕೆಂದರೆ ಮದ್ದುಗುಂಡಿನ ಭಾಗಗಳೂ ಮದ್ದುಗುಂಡೇ ಎಂದು ಕಾಯ್ದೆ ಹೇಳಿದರೂ, ಮತ್ತೆ ತುಂಬುವ ಸಲಕರಣೆ ಇಲ್ಲದ ಮನೆಯಲ್ಲಿ ಅವು ಬರೀ ಹಿತ್ತಾಳೆ, ಪ್ಲಾಸ್ಟಿಕ್ ಚೂರು. ಆದರೂ ಕುಂಚಾವರಂನವರು ಖಾಲಿ ಕೇಸುಗಳನ್ನೂ ಜೊತೆಗೇ ಒಪ್ಪಿಸಲಿ.

ಸೆಕ್ಷನ್ 3ರ ಉಲ್ಲಂಘನೆಗೆ ಮೊಕದ್ದಮೆ ಹೂಡಲು ಜಿಲ್ಲಾ ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ಬೇಕೆಂದು ಸೆಕ್ಷನ್ 39 ಹೇಳುತ್ತದೆ. ಮನಸ್ಸಿಟ್ಟು ಕಡತ ಓದುವ ಅಧಿಕಾರಿ ಅಲ್ಲಿಯೇ ಅನ್ಯಾಯ ತಡೆಯಬಹುದು. ಪ್ರತಿವಾದಿ ವಕೀಲರು ಮೊದಲು ನೋಡಬೇಕಾದ ಕಾಗದ ಅದು.

ಶಹಾಪುರ ಕಬ್ಬು

ನನ್ನ ಲೈಸೆನ್ಸ್ ಚಾಲ್ತಿಯಲ್ಲಿದೆ. ರಾತ್ರಿ ಹೊಲ ಕಾಯುವ ಆಳಿನ ಕೈಗೆ ಕೋವಿ ಕೊಡಬಹುದೇ? ನನಗೆ ವಯಸ್ಸಾಗಿದೆ.

ಕಲಬುರಗಿ ವಕೀಲ

ಕೊಡಬೇಡಿ. ಲೈಸೆನ್ಸುದಾರನ ಎದುರಿನಲ್ಲಿ ಅಥವಾ ಅವನ ಲಿಖಿತ ಅಧಿಕಾರದಿಂದ ಇನ್ನೊಬ್ಬರು ಕೋವಿ ಒಯ್ಯಬಹುದಾದದ್ದು ದುರಸ್ತಿಗೆ, ನವೀಕರಣಕ್ಕೆ ಅಥವಾ ಲೈಸೆನ್ಸುದಾರನೇ ಬಳಸುವುದಕ್ಕೆ. ಆಳು ಒಬ್ಬನೇ ರಾತ್ರಿ ಕೋವಿ ಹಿಡಿದು ಕುಳಿತರೆ ಅವನು ಸೆಕ್ಷನ್ 25ಕ್ಕೆ, ನೀವು ಷರತ್ತು ಉಲ್ಲಂಘನೆಗೆ ಗುರಿಯಾಗುತ್ತೀರಿ. ಬಡವನೊಬ್ಬ ನಿಮ್ಮ ಬೆಳೆಗಾಗಿ ಜೈಲು ಸೇರುವುದು ಬೇಡ. ನೀವು 70 ವರ್ಷ ದಾಟಿದ್ದರೆ ಅಥವಾ ಕೋವಿ 25 ವರ್ಷದಿಂದ ನಿಮ್ಮ ಬಳಿ ಇದ್ದರೆ, ನೀವು ಇರುವಾಗಲೇ ವಾರಸುದಾರನ ಹೆಸರಿಗೆ ಲೈಸೆನ್ಸ್ ಕೇಳಲು 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಅವಕಾಶವಿದೆ.

ಲೈಸೆನ್ಸ್ ತೆರೆದು ಇನ್ನೂ ಎರಡು ಸಾಲು ನೋಡಿ. ಯಾವ ಪ್ರದೇಶದಲ್ಲಿ ಊರ್ಜಿತ, ಒಂದು ಕಾಲಕ್ಕೆ ಎಷ್ಟು ತೋಟಾ, ವರ್ಷಕ್ಕೆ ಎಷ್ಟು ಎಂದು ಅಲ್ಲಿ ಬರೆದಿರುತ್ತದೆ. ಕೋವಿ ಸಕ್ರಮವಾಗಿದ್ದು ತೋಟಾ ಮಿತಿ ಮೀರಿದ್ದರೂ ತೊಂದರೆಯೇ.

ಭಾಲ್ಕಿ ತೋಟಗಾರ

ಏರ್‌ಗನ್‌ಗೆ ಲೈಸೆನ್ಸ್ ಬೇಡವಲ್ಲ, ಗಿಳಿಗಳಿಗೆ ಅದನ್ನು ಬಳಸಬಹುದೇ?

ನಿವೃತ್ತ ವನಪಾಲಕ

ನಳಿಕೆಯ ವ್ಯಾಸ (ಬೋರ್) 0.177 ಇಂಚು ಮೀರದ, 20 ಜೂಲ್‌ಗಿಂತ ಕಡಿಮೆ ಶಕ್ತಿಯದಕ್ಕೆ ಲೈಸೆನ್ಸ್ ಬೇಡ. ಗಿಳಿಗೆ ಹೊಡೆದರೆ ಬೇಟೆ. ಬಲೆ ಹೊದಿಸಿ.

ಸೇಡಂ ಪದವೀಧರ

ನಮ್ಮ ಕಡೆ ಕೋವಿಯ ಗೋಜೇ ಬೇಡವೆಂದು ಬೇಲಿಗೆ ನೇರ ವಿದ್ಯುತ್ ಹರಿಸುವವರಿದ್ದಾರೆ. ಇದನ್ನು ಓದುತ್ತಿರುವ ಯಾರಾದರೂ ಅದನ್ನು ಯೋಚಿಸುತ್ತಿದ್ದರೆ ಕೈಮುಗಿದು ಕೇಳುತ್ತೇನೆ, ಬೇಡ. ನಸುಕಿನಲ್ಲಿ ಬದುವಿನ ಮೇಲೆ ನಡೆಯುವವರು ನಮ್ಮ ಮನೆಯ ಹೆಣ್ಣುಮಕ್ಕಳೇ. ಕಂಪನದ ಸೌರಬೇಲಿ ಬೇರೆ, ಮುಖ್ಯ ತಂತಿಯ ಕರೆಂಟ್ ಬೇರೆ. ಅದು ಬೇಟೆಯೂ ಹೌದು, ವಿದ್ಯುತ್ ಕಳವೂ ಹೌದು, ಮನುಷ್ಯ ಸತ್ತರೆ ಇನ್ನೂ ದೊಡ್ಡದು.

ಐನಾಪುರ ಗೃಹಿಣಿ

ಎಲ್ಲರೂ ಗಂಡಸರ ಹೆಸರಿನ ಲೈಸೆನ್ಸ್ ಬಗ್ಗೆಯೇ ಬರೆದಿದ್ದೀರಿ. ನಮ್ಮ ಮನೆಯಲ್ಲಿ ಜೋಳ ಹಾಲುಗಾಳಾದಾಗ ಮಂಚಿಕೆಯ ಮೇಲೆ ರಾತ್ರಿ ಕಾಯುವವಳು ನಾನು. ಡಬ್ಬಿ ಬಡಿಯುತ್ತೇನೆ, ಟಾರ್ಚ್ ಹಾಕುತ್ತೇನೆ, ಕೂಗುತ್ತೇನೆ. ಹಂದಿ ಎದುರಿಗೇ ನುಗ್ಗಿದರೆ? ಆಗಲೂ ಬೆಂಗಳೂರಿನ ಆದೇಶಕ್ಕೆ ಕಾಯಬೇಕೇ?

ಕಲಬುರಗಿ ವಕೀಲ

ಕಾಯಬೇಕಾಗಿಲ್ಲ, ತಾಯಿ. ತನ್ನ ಅಥವಾ ಇನ್ನೊಬ್ಬರ ಪ್ರಾಣ ಉಳಿಸಿಕೊಳ್ಳಲು ಸದ್ಭಾವನೆಯಿಂದ ಪ್ರಾಣಿಯನ್ನು ಕೊಂದರೆ ಅಥವಾ ಗಾಯಗೊಳಿಸಿದರೆ ಅಪರಾಧವಲ್ಲ ಎಂದು ವನ್ಯಜೀವಿ ಕಾಯ್ದೆಯ ಸೆಕ್ಷನ್ 11ರ ಎರಡನೆಯ ಉಪವಿಭಾಗ ಸ್ಪಷ್ಟವಾಗಿ ಹೇಳುತ್ತದೆ. ಕೊಡಲಿಯಿಂದಾದರೂ ಸರಿ. ಆದರೆ ಆ ಹೊತ್ತಿನಲ್ಲಿ ನಾವೇ ಕಾಯ್ದೆಯ ಇನ್ನೊಂದು ನಿಯಮ ಮುರಿಯುವ ಕೆಲಸದಲ್ಲಿ ಇರಬಾರದು. ಸತ್ತ ಪ್ರಾಣಿ ಸರ್ಕಾರದ ಸ್ವತ್ತು. ಮುಟ್ಟದೆ ಅರಣ್ಯ ಕಚೇರಿಗೆ ತಿಳಿಸಬೇಕು. ಮಾಂಸ ಹಂಚಿದರೆ ಪ್ರಾಣರಕ್ಷಣೆಯ ಮಾತನ್ನು ಯಾರೂ ನಂಬುವುದಿಲ್ಲ.

ಲೈಸೆನ್ಸಿಗೆ ಗಂಡು ಹೆಣ್ಣು ಎಂಬ ಭೇದವಿಲ್ಲ. ಹೊಲ ಕಾಯುವವರು ನೀವಾದರೆ ಅರ್ಜಿಯೂ ನಿಮ್ಮದೇ ಆಗಲಿ.

ಕುಂಚಾವರಂ ರೈತ

ಇಂದು ಬೆಳಿಗ್ಗೆ ಅಪ್ಪನ ಲೈಸೆನ್ಸ್, ಮರಣ ಪ್ರಮಾಣಪತ್ರ ಹಿಡಿದು ಊರಿನ ಇಬ್ಬರು ಹಿರಿಯರೊಂದಿಗೆ ಠಾಣೆಗೆ ಹೋಗಿದ್ದೆ. ಮೊದಲು ಫೋನ್ ಮಾಡಿ ತಿಳಿಸಿದ್ದರಿಂದ ದಾರಿಯಲ್ಲಿ ಭಯವಿರಲಿಲ್ಲ. ಡಬ್ಬಿಯನ್ನು ಒಪ್ಪಿಸಿದೆ. ಅವರು ಎಣಿಸಿ ಬರೆದುಕೊಂಡರು. ಅಮ್ಮ ಮತ್ತು ತಂಗಿಯ ಒಪ್ಪಿಗೆ ಪತ್ರ ತಂದರೆ ವಾರಸುದಾರನಾಗಿ ಅರ್ಜಿ ಹಾಕಬಹುದು ಎಂದರು. ಅಪ್ಪನ ಅರಣ್ಯ ಇಲಾಖೆಯ ನೋಂದಣಿ ಕಾಗದ ಇನ್ನೂ ಸಿಕ್ಕಿಲ್ಲ.

ಕಲಬುರಗಿ ವಕೀಲ

ಬಹಳ ಸಂತೋಷ. ರಸೀದಿಯಲ್ಲಿ ತೋಟಾಗಳ ಸಂಖ್ಯೆ, ಬೋರ್, ಖಾಲಿ ಕೇಸುಗಳ ಸಂಖ್ಯೆ, ದಿನಾಂಕ, ಠಾಣೆಯ ಮುದ್ರೆ ಇವೆಯೇ ನೋಡಿ. ಇಲ್ಲದಿದ್ದರೆ ನಾಳೆಯೇ ಹೋಗಿ ಬರೆಸಿಕೊಳ್ಳಿ. ಠಾಣೆಯಲ್ಲಿರುವ ಕೋವಿಯ ಹಳೆಯ ರಸೀದಿಯನ್ನೂ ಅದರೊಂದಿಗೆ ಇಡಿ. ನಿಗದಿತ ಅವಧಿಯೊಳಗೆ ವಾರಸುದಾರರು ಕ್ರಮ ಕೈಗೊಳ್ಳದಿದ್ದರೆ ಠೇವಣಿ ಇಟ್ಟ ಶಸ್ತ್ರ ಸರ್ಕಾರಕ್ಕೆ ಮುಟ್ಟುಗೋಲಾಗುತ್ತದೆ. ಆದ್ದರಿಂದ ಅರ್ಜಿಯನ್ನು ತಡಮಾಡಬೇಡಿ. ನೋಂದಣಿ ಪ್ರತಿ ಸಿಗದಿದ್ದರೆ ಮಾಹಿತಿ ಹಕ್ಕಿನಲ್ಲಿ ವನ್ಯಜೀವಿ ವಿಭಾಗಕ್ಕೆ ಅರ್ಜಿ ಹಾಕಿ, ಅದರ ಸ್ವೀಕೃತಿಯನ್ನು ಜಿಲ್ಲಾಧಿಕಾರಿ ಕಚೇರಿಯ ಕಡತಕ್ಕೆ ಸೇರಿಸಿ.

ನಿವೃತ್ತ ವನಪಾಲಕ

ಅರ್ಜಿಯ ಜೊತೆ ಈ ಹಂಗಾಮಿನ ಬೆಳೆ ಹಾನಿಯ ವರದಿಯನ್ನೂ ಇಡಿ. ಸೆಕ್ಷನ್ 11ರ ಆದೇಶ ಕೇಳುವಾಗಲೂ ಅದೇ ಬೇಕಾಗುತ್ತದೆ. ಅಕ್ಕಪಕ್ಕದ ಹೊಲದವರು ಒಟ್ಟಾಗಿ ಸಹಿ ಹಾಕಿದರೆ ವಲಯ ಅಧಿಕಾರಿ ಒಂದೇ ದಿನ ಬಂದು ಎಲ್ಲ ಹೊಲಗಳನ್ನೂ ನೋಡಬಹುದು.